ಒಂದೇ ಕಾರು, ನಾಲ್ಕು ದಿಕ್ಕು: ಯಾರು ಯಾವ ಗಾಡಿ ತಗೊಂಡು ಹೋಗ್ಬೇಕು ಅಂತ ನಿಮ್ಮನೇಲಿ ಹೇಗೆ ತೀರ್ಮಾನ ಆಗತ್ತೆ?

ಹೊಸಬಡಾವಣೆ:
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೊಳ್ದೆ ಓದಿ.

ನಾವಿರೋದು ಸಿಟಿ ಅಂಚಲ್ಲಿ ಈಗಷ್ಟೇ ಬೆಳೀತಿರೋ ಬಡಾವಣೇಲಿ. ನಾವು ಬಂದಾಗ ಅಕ್ಕಪಕ್ಕ ಎಲ್ಲಾ ಖಾಲಿ ಸೈಟು, ಈಗ ಯಾವ ಕಡೆ ನೋಡಿದ್ರೂ ಸೆಂಟ್ರಿಂಗು, ಜಲ್ಲಿ ರಾಶಿ. ಮನೆಗಳು ಬಂದಷ್ಟು ಬೇಗ ಬಸ್ಸು ಬರ್ಲಿಲ್ಲ. ಮನೇಲಿ ನಾನು, ನಮ್ಮನೆಯವ್ರು, ಪ್ರೈಮರಿ ಸ್ಕೂಲಿಗೆ ಹೋಗೋ ಮಗಳು, ಮತ್ತೆ ಅತ್ತೆ. ಗಾಡಿ ಅಂದ್ರೆ ಒಂದು ಕಾರು ಒಂದು ಸ್ಕೂಟರು. ಅವರ ಆಫೀಸ್ ಒಂದು ದಿಕ್ಕಿಗೆ, ನಂದು ಅದಕ್ಕೆ ಉಲ್ಟಾ, ಸ್ಕೂಲು ಇಬ್ಬರ ದಾರೀಲೂ ಇಲ್ಲ.

ಕಾರು ಅವರೇ ತಗೊಂಡು ಹೋಗ್ತಾರೆ. "ನಂಗೆ ದೂರ ಜಾಸ್ತಿ" ಅನ್ನೋದು ಕಾರಣ, ಅದೇನೋ ನಿಜಾನೇ. ಆದ್ರೆ ನಾನು ಸ್ಕೂಟರಲ್ಲಿ ಮಗಳನ್ನ ಬಿಟ್ಟು, ಅಲ್ಲಿಂದ ಆಫೀಸಿಗೆ ಹೋಗಿ, ವಾಪಸ್ ಬರ್ತಾ ದಿನಸಿ, ಔಷಧಿ, ಟೈಲರ್ ಹತ್ರ ಕೊಟ್ಟಿದ್ದ ಬಟ್ಟೆ ಎಲ್ಲಾ ಎತ್ಕೊಂಡು, ಮಗಳನ್ನ ಕ್ಲಾಸಿಂದ ಕರ್ಕೊಂಡು ಮನೆ ಸೇರೋಷ್ಟ್ರಲ್ಲಿ ನನ್ನ ಓಡಾಟಾನೂ ಅವರದಕ್ಕಿಂತ ಕಮ್ಮಿ ಏನಾಗಿರಲ್ಲ. ಈಗ ಅತ್ತೆಗೆ ಮಂಡಿ ನೋವು, ಸ್ಕೂಟರ್ ಹತ್ತಕ್ಕಾಗಲ್ಲ, ವಾರ ವಾರ ಫಿಸಿಯೋಥೆರಪಿಗೆ ಕರ್ಕೊಂಡು ಹೋಗ್ಬೇಕು. ಅದೂ ಸಹಜವಾಗಿ ನನ್ನ ಪಾಲಿಗೇ ಬಂತು. ಇವರು ಹೇಳೋದು ಲೋನ್ ಮಾಡಿ ಇನ್ನೊಂದು ಕಾರು ತಗೊಳೋಣ ಅಂತ. ನಾನು ಹೇಳೋದು ಇರೋ ಕಾರನ್ನೇ ಸರಿಯಾಗಿ ಹಂಚ್ಕೊಂಡ್ರೆ ಆಗಲ್ವಾ ಅಂತ.

ನಿಮ್ಮನೇಲಿ ಇದನ್ನ ಯಾರು ತೀರ್ಮಾನ ಮಾಡ್ತಾರೆ? ಕೂತು ಮಾತಾಡ್ತೀರಾ, ಅಥವಾ ಹಂಗೇ ರೂಢಿ ಆಗಿಬಿಡತ್ತಾ? ಎರಡನೇ ಕಾರು ತಗೊಂಡೋರು ಈಗ ಆರಾಮಾಗಿದೀರಾ?

ಮೂರನೇಗೇರ್:
ಎರಡನೇ ಕಾರು ತಗೊಳಿ, ಮುಗೀತು. ಇದಕ್ಕೆ ಇಷ್ಟುದ್ದ ಪುರಾಣ ಯಾಕೆ.

ಕೊನೇಸ್ಟಾಪ್:
@ಮೂರನೇಗೇರ್ ಗುರು ನಿಂಗೆ ಎರಡು ಕಾರು ನಿಲ್ಸೋ ಜಾಗ ಇದೆ ಅನ್ಸತ್ತೆ, ಅದಕ್ಕೆ ಈ ಧೈರ್ಯ. ನಮ್ಮ ಬೀದೀಲಿ ಎಲ್ರೂ ಎರಡನೇದು ತಗೊಂಡ್ರು, ಈಗ ರಾತ್ರಿ ಲೇಟಾಗಿ ಬಂದವನು ಮುಂದಿನ ಕ್ರಾಸಲ್ಲಿ ನಿಲ್ಸಿ ನಡ್ಕೊಂಡು ಬರ್ಬೇಕು. ಬೆಳಿಗ್ಗೆ ಯಾರ ಗಾಡಿ ಹಿಂದೆ ಯಾರದು ಸಿಕ್ಕಾಕೊಂಡಿದೆ ಅಂತ ಬೆಲ್ ಒತ್ಕೊಂಡು ತಿರುಗೋದು ಬೇರೆ.

ಲೆಕ್ಕದಮಾಸ್ತರ್:
ಮೇಡಂ, ಒಂದು ಕೆಲಸ ಮಾಡಿ. ಎರಡನೇ ಕಾರಿನ ಖರ್ಚನ್ನ ಎರಡು ಭಾಗ ಮಾಡಿ. ಒಂದು, ಕಾರು ಅಲ್ಲಾಡದೆ ನಿಂತಿದ್ರೂ ಹೋಗೋ ದುಡ್ಡು: ಸಾಲದ ಬಡ್ಡಿ, ಇನ್ಶೂರೆನ್ಸ್, ವರ್ಷ ವರ್ಷ ಇಳಿಯೋ ರೀಸೇಲ್ ಬೆಲೆ. ಇನ್ನೊಂದು, ಓಡಿದ್ರೆ ಮಾತ್ರ ಹೋಗೋದು: ಇಂಧನ, ಟೈರು, ಸರ್ವಿಸು. ಜನ ಸಾಮಾನ್ಯವಾಗಿ ಎರಡನೇದನ್ನ ಮಾತ್ರ ಲೆಕ್ಕ ಹಾಕಿ "ಅಯ್ಯೋ ಇಷ್ಟೇನಾ" ಅಂತಾರೆ. ಹೊಸ ಕಾರಿಗೆ ಮೊದಲ ಕೆಲವು ವರ್ಷ ದೊಡ್ಡ ಹೊಡೆತ ಬೀಳೋದು ಬೆಲೆ ಇಳಿಯೋದ್ರಿಂದ, ಪೆಟ್ರೋಲಿಂದ ಅಲ್ಲ.

ಆಮೇಲೆ, ನಿಮಗೆ ಕಾರೇ ಬೇಕೇ ಬೇಕು ಅನ್ನೋ ಓಡಾಟ ಯಾವುದು ಅಂತ ನೋಡಿ. ನೀವು ಹೇಳಿದ್ರಲ್ಲಿ ಅತ್ತೆಯವರ ಫಿಸಿಯೋಥೆರಪಿ ಒಂದೇ ಅಂಥದ್ದು. ಅದಕ್ಕೆ ಕ್ಯಾಬ್ ಮಾಡಿದ್ರೂ ನಿಂತ ಕಾರಿನ ಖರ್ಚಿಗಿಂತ ಎಷ್ಟೋ ಕಮ್ಮಿ.

ಸುಮ್ನೆಓದೋಳು:
@ಲೆಕ್ಕದಮಾಸ್ತರ್ ಲೆಕ್ಕ ಸರಿ ಸರ್, ಕ್ಯಾಬ್ ಬರ್ಬೇಕಲ್ಲ? ನಮ್ಮ ಕಡೆ ಲೊಕೇಶನ್ ನೋಡಿದ ತಕ್ಷಣ ಕ್ಯಾನ್ಸಲ್. ವಾಪಸ್ ಬರೋವಾಗ ಖಾಲಿ ಬರ್ಬೇಕು ಅಂತಾರೆ. ವಯಸ್ಸಾದವರನ್ನ ಗೇಟ್ ಹತ್ರ ನಿಲ್ಲಿಸ್ಕೊಂಡು ಫೋನ್ ನೋಡ್ತಾ ನಿಲ್ಲೋ ಕಷ್ಟ ನಿಮ್ಮ ಎಕ್ಸೆಲ್ ಶೀಟಲ್ಲಿ ಯಾವ ಕಾಲಮ್ಮಲ್ಲಿ ಬರತ್ತೆ?

ಲೆಕ್ಕದಮಾಸ್ತರ್:
ಹಿಂದಿನ ದಿನಾನೇ ಬುಕ್ ಮಾಡ್ಬೇಕಮ್ಮ. ಇಲ್ಲಾಂದ್ರೆ ಏರಿಯಾದಲ್ಲೇ ಗಾಡಿ ಇಟ್ಕೊಂಡಿರೋ ಒಬ್ಬ ಡ್ರೈವರ್ ನಂಬರ್ ಇಟ್ಕೊಳಿ. ಪ್ರತಿ ವಾರ ಅದೇ ದಿನ ಅದೇ ಟೈಮು ಅಂದ್ರೆ ಅವರಿಗೂ ಗ್ಯಾರಂಟಿ ಬಾಡಿಗೆ, ಖುಷಿಯಾಗಿ ಬರ್ತಾರೆ.

ಬಯಲುಗಾಳಿ:
ಅಕ್ಕಾರ, ನಮ್ಮ ಮನ್ಯಾಗೂ ಹಿಂಗ ಇತ್ತರಿ. ದೂರ ಯಾರಿಗೆ ಜಾಸ್ತಿ ಅವರಿಗೆ ಕಾರ ಅಂತ ನಾನೂ ತಗೊಂಡು ಹೊಂಟಿದ್ದೆ. ನಮ್ಮಾಕಿ ಆಸ್ಪತ್ರ್ಯಾಗ ನರ್ಸ್ ಇದ್ದಾಳ, ಶಿಫ್ಟ್ ಡ್ಯೂಟಿ. ಒಂದಿನ ಕುಂತು ಕೇಳಿದ್ಲು, ನೀ ಲೇಟ್ ಹೋದ್ರ ಏನಾಗ್ತದ, ನಾ ಲೇಟ್ ಹೋದ್ರ ಏನಾಗ್ತದ ಅಂತ. ನಾ ಲೇಟ್ ಹೋದ್ರ ಯಾರೂ ಕೇಳಂಗಿಲ್ಲ, ಲ್ಯಾಪ್‌ಟಾಪ್ ತೆರದ್ರ ಆತು. ಆಕಿ ಲೇಟ್ ಆದ್ರ ರಾತ್ರಿ ಪಾಳಿ ಮುಗಿಸಿದಾಕಿ ಮನಿಗೆ ಹೋಗದ ಅಲ್ಲೇ ಕಾಯ್ಕೋತ ನಿಂದರಬೇಕು. ಅವತ್ತಿಂದ ರೂಲ್ ಬದಲಾತು ನೋಡ್ರಿ. ದೂರ ನೋಡಂಗಿಲ್ಲ, ತಡ ಆದ್ರ ಯಾರಿಗೆ ಪೆಟ್ಟು ಜಾಸ್ತಿ ಅವರಿಗೆ ಕಾರ. ನಾ ಈಗ ಬೈಕ್ ಮತ್ತ ಟ್ರೇನ್.

ಹೊಸಬಡಾವಣೆ:
@ಬಯಲುಗಾಳಿ ಅಣ್ಣಾ ಇದು ಚೆನ್ನಾಗಿದೆ. ಇವತ್ತು ರಾತ್ರಿ ಇದೇ ಪ್ರಶ್ನೆ ಕೇಳ್ತೀನಿ. ಸ್ಕೂಲ್ ಗೇಟ್ ಮುಚ್ಚೋದು ನನಗೆ ಮಾತ್ರ ಯಾಕೆ ಟೆನ್ಶನ್ನು ಅಂತ.

ಮೂರನೇಗೇರ್:
ಸ್ಕೂಲ್ ಬಸ್ಸಿಗೆ ಹಾಕ್ಬೋದಲ್ವಾ ಮೇಡಂ? ಸಿಂಪಲ್.

ಹೊಸಬಡಾವಣೆ:
ಸ್ಕೂಲ್ ಬಸ್ ನಮ್ಮ ಬಡಾವಣೆ ಒಳಗೆ ಬರಲ್ಲ ಸರ್. ಮೇನ್ ರೋಡಿಗೆ ಬಂದು ಹತ್ತಿಸ್ಬೇಕು, ಅದೂ ಸ್ಕೂಲ್ ಶುರುವಾಗೋದಕ್ಕೆ ಒಂದು ಗಂಟೆಗೂ ಮುಂಚೆ, ಯಾಕಂದ್ರೆ ಬಸ್ ಮೊದ್ಲು ಹತ್ತಿಸ್ಕೊಳೋದು ನಮ್ಮ ಕಡೆ ಮಕ್ಕಳನ್ನ, ಸಂಜೆ ಕೊನೇಲಿ ಇಳಿಸೋದೂ ನಮ್ಮ ಕಡೆಯವರನ್ನೇ. ಇನ್ನೂ ಅಷ್ಟು ಚಿಕ್ಕವಳನ್ನ ನಿದ್ದೆಗಣ್ಣಲ್ಲಿ ಎಬ್ಬಿಸಿ ಅಷ್ಟೊತ್ತು ಕೂರ್ಸೋದು ಬೇಡ ಅನ್ನಿಸ್ತು.

ದಾರಿಹೋಕ:
ನಿಮ್ಮ ಮನೆ ಕಥೆ ಓದ್ತಿದ್ರೆ ಸ್ವೀಡನ್ನಿನ ಟೋರ್‌ಸ್ಟನ್ ಹೇಗರ್‌ಸ್ಟ್ರಾಂಡ್ ಅನ್ನೋ ಭೂಗೋಳ ಶಾಸ್ತ್ರಜ್ಞ ನೆನಪಾಗ್ತಾರೆ. ಅವರು 1970ರಲ್ಲೇ ಹೇಳಿದ್ದು ಇದು. ಮನುಷ್ಯನ ಓಡಾಟಕ್ಕೆ ಮೂರು ಥರ ಕಟ್ಟು ಇರತ್ತೆ. ಒಂದು ನಿಮ್ಮ ಶಕ್ತಿಯ ಮಿತಿ, ಅಂದ್ರೆ ಯಾವ ಗಾಡಿ ಇದೆ, ಎಷ್ಟು ವೇಗ, ಊಟ ನಿದ್ದೆ ಬೇಕು ಇತ್ಯಾದಿ. ಎರಡು, ಇಂಥವರ ಜೊತೆ ಇಂಥ ಜಾಗದಲ್ಲಿ ಇಂಥ ಹೊತ್ತಿಗೆ ಇರ್ಲೇಬೇಕು ಅನ್ನೋ ಕಟ್ಟು. ಮೂರು, ಬೇರೆಯವರು ಹಾಕಿರೋ ನಿಯಮ: ಗೇಟ್ ಮುಚ್ಚೋ ಟೈಮು, ಅಂಗಡಿ ಬಾಗಿಲು, ಕೊನೇ ಬಸ್ಸು.

ನಿಮ್ಮ ಯಜಮಾನರಿಗೆ ಇರೋದು ಮೊದಲನೇದು ಮಾತ್ರ, ದೂರ. ನಿಮಗೆ ಮೂರೂ ಇದೆ, ಅದ್ರಲ್ಲೂ ಎರಡನೇದು ಬೆಳಿಗ್ಗೆಯಿಂದ ಸಂಜೆ ತನಕ ಬೆನ್ನಿಗಿದೆ. ಕಿಲೋಮೀಟರ್ ಎಣಿಸೋರಿಗೆ ಇದು ಕಾಣಲ್ಲ. ಮಗು ಕ್ಲಾಸ್ ಮುಗಿಸಿ ಬಾಗಿಲಲ್ಲಿ ನಿಂತಿರೋ ಹೊತ್ತಿಗೆ ನೀವು ಅಲ್ಲಿರ್ಬೇಕು ಅಂದ್ರೆ ಅದಕ್ಕೂ ಮುಂಚಿನ ಅರ್ಧ ಗಂಟೆ ನಿಮ್ಮದಲ್ಲ, ಆಮೇಲಿಂದೂ ನಿಮ್ಮದಲ್ಲ.

ಮೂರನೇಗೇರ್:
ಬಂದ್ರಪ್ಪ ಮೇಷ್ಟ್ರು 😀

ಪುಟ್ಟಿಅಮ್ಮ:
ದಾರಿಹೋಕ ಸರ್ ಹೇಳಿದ್ದು ನೂರಕ್ಕೆ ನೂರು. ಸ್ಪೇನಿನ ಇನೆಸ್ ಸಾಂಚೆಸ್ ದೆ ಮದಾರಿಯಾಗ ಅನ್ನೋ ಪ್ರೊಫೆಸರ್ ಇದರ ಬಗ್ಗೆನೇ ಕೆಲಸ ಮಾಡಿದಾರೆ. ಸರ್ವೇಗಳಲ್ಲಿ ಕೆಲಸಕ್ಕೆ ಹೋಗೋ ಓಡಾಟ ಅನ್ನೋದು ಒಂದೇ ದೊಡ್ಡ ಕಂಬವಾಗಿ ಕಾಣತ್ತೆ. ಮಗೂನ ಬಿಡೋದು, ಔಷಧಿ ತರೋದು, ವಯಸ್ಸಾದವರನ್ನ ಕರ್ಕೊಂಡು ಹೋಗೋದು ಇದೆಲ್ಲ "ಶಾಪಿಂಗ್", "ಇತರೆ" ಅಂತ ಚೂರು ಚೂರಾಗಿ ಹೋಗತ್ತೆ. ಎಲ್ಲಾ ಚೂರುಗಳನ್ನ ಆರೈಕೆಯ ಓಡಾಟ ಅಂತ ಒಂದೇ ತಲೆಬರಹದಡಿ ಸೇರ್ಸಿ ನೋಡಿ, ಎಷ್ಟು ದೊಡ್ಡದಿದೆ ಗೊತ್ತಾಗತ್ತೆ ಅಂತ ಅವರ ವಾದ.

ಮನೇಲೂ ಇದೇ ಆಗೋದು. ಗಂಡ ಹೋಗಿ ಬರೋದು ಒಂದು ಗೆರೆ, ನೆಟ್ಟಗೆ. ನಾವು ಹೋಗೋದು ಅಂಕುಡೊಂಕು, ನಡುವೆ ಐದು ಕಡೆ ನಿಲ್ಲತ್ತೆ. ದೊಡ್ಡ ಗೆರೆ ನೋಡಿ ಕಾರು ಕೊಡ್ತಾರೆ. ಸಾಮಾನು ಹೊರೋದು ಯಾರು, ಮಗೂನ ಕೂರಿಸ್ಕೊಳೋದು ಯಾರು ಅಂತ ನೋಡಿ ಕೊಡ್ಬೇಕಿತ್ತು.

ಟೈರ್‌ಪಂಕ್ಚರ್:
ಒಂದು ನಿಮಿಷ. ಎಲ್ರೂ ಗಂಡಸರನ್ನ ಬೈಯೋಕೆ ಶುರು ಮಾಡಿದ್ರಿ. ನಮ್ಮನೇಲಿ ಕಾರು ಹೆಂಡತೀದು, ಡ್ರಾಪ್ ಪಿಕಪ್ ಎಲ್ಲಾ ನಂದು ಬೈಕಲ್ಲಿ, ಮಳೇಲಿ ನೆನೆಯೋನೂ ನಾನೇ. ನಾನು ವರ್ಕ್ ಫ್ರಮ್ ಹೋಮ್ ಅನ್ನೋ ಒಂದೇ ಕಾರಣಕ್ಕೆ "ಹೇಗೂ ಮನೇಲೇ ಇರ್ತೀರಲ್ಲ" ಅಂತ ಗ್ಯಾಸು, ಪ್ಲಂಬರು, ಕೊರಿಯರ್ ಆಫೀಸು ಎಲ್ಲಾ ನನ್ನ ತಲೆಗೇ. ಇದು ಗಂಡಸು ಹೆಂಗಸು ವಿಷಯ ಅಲ್ಲ, ಯಾರ ಟೈಮ್ ಬಗ್ಗಿಸ್ಬೋದು ಅಂತ ಮನೆಯವರಿಗೆ ಅನ್ಸತ್ತೋ ಅವರ ತಲೆಗೆ ಕಟ್ತಾರೆ.

ಪುಟ್ಟಿಅಮ್ಮ:
@ಟೈರ್‌ಪಂಕ್ಚರ್ ಒಪ್ಪಿದೆ ಸರ್. ಆದ್ರೆ ಎಷ್ಟು ಮನೇಲಿ ಆ ಬಗ್ಗೋ ಟೈಮ್ ಹೆಂಗಸರದ್ದೇ ಆಗಿರತ್ತೆ ಅಂತಾನೂ ನೋಡಿ.

ಕೊನೇಸ್ಟಾಪ್:
ಸ್ವೀಡನ್ ಅಂದಾಗ ನೆನಪಾಯ್ತು. ಅಲ್ಲೇ ಉಮೆಯೋ ಯೂನಿವರ್ಸಿಟಿಯ ಎರಿಕಾ ಸ್ಯಾಂಡೋ ಅನ್ನೋರು ನೋಡಿದಾರೆ, ಗಂಡ ಹೆಂಡತೀಲಿ ಒಬ್ಬರು ಕೆಲಸಕ್ಕೆ ತುಂಬಾ ದೂರ ಓಡಾಡೋ ಜೋಡಿಗಳು ಬೇರೆಯಾಗೋ ಸಾಧ್ಯತೆ ಉಳಿದವರಿಗಿಂತ ಶೇಕಡಾ 40 ಜಾಸ್ತಿ. ಊರಾಚೆ ಮನೆ ಮಾಡೋ ಮುಂಚೆ ಯೋಚ್ನೆ ಮಾಡಿ ಸ್ವಾಮಿ.

ಲೆಕ್ಕದಮಾಸ್ತರ್:
ಶೇಕಡಾ 40 ಅಂದ್ರೆ ನೂರಕ್ಕೆ ನಲವತ್ತು ಜೋಡಿ ಬೇರೆಯಾಗ್ತಾರೆ ಅಂತ ಅರ್ಥ ಅಲ್ಲ, ಉಳಿದವರ ಪ್ರಮಾಣಕ್ಕಿಂತ ಅಷ್ಟು ಹೆಚ್ಚು ಅಂತ. ನೂರರಲ್ಲಿ ಹತ್ತು ಇದ್ದ ಕಡೆ ಹದಿನಾಲ್ಕು ಅಂದ್ಕೊಳಿ. ಮೇಲಿಂದ, ದೂರ ಓಡಾಡೋದ್ರಿಂದಲೇ ಜಗಳ ಆಯ್ತು ಅಂತ ನೇರ ಹೇಳಕ್ಕಾಗಲ್ಲ, ಮನೇಲಿ ನೆಮ್ಮದಿ ಇಲ್ದೆ ದೂರದ ಕೆಲಸ ಹಿಡಿದೋರೂ ಇರ್ತಾರೆ.

ಕೊನೇಸ್ಟಾಪ್:
ನಿಮ್ಮ ಜೊತೆ ಮಾತಾಡೋದೇ ಕಷ್ಟ ಸರ್.

ಅಲೆಮಾರಾಯ:
ಮಾರಾಯ್ರೆ, ನೀವೆಲ್ಲ ಬೆಳಿಗ್ಗೆ ಎದ್ದು ಕೀ ಯಾರ ಕೈಗೆ ಅಂತ ಚರ್ಚೆ ಮಾಡ್ತಾ ಇದ್ದೀರಿ. ಅಸಲು ತೀರ್ಮಾನ ಮನೆ ತಗೊಂಡ ದಿನವೇ ಆಗಿ ಹೋಗಿದೆ ಅಲ್ವಾ? ಮನೆ ನೋಡ್ಲಿಕ್ಕೆ ಹೋಗುವಾಗ ಎಲ್ಲರೂ ಹೋಗುವುದು ಭಾನುವಾರ. ರಸ್ತೆ ಖಾಲಿ, ಬ್ರೋಕರ್ ಹೇಳುವುದು "ಇಲ್ಲಿಂದ ಅಷ್ಟೇ ನಿಮಿಷ". ಅಡುಗೆ ಮನೆ ನೋಡ್ತಾರೆ, ಬಾಲ್ಕನಿ ನೋಡ್ತಾರೆ, ನೀರುಂಟಾ ಕೇಳ್ತಾರೆ. ಸೋಮವಾರ ಬೆಳಿಗ್ಗೆ ಆಫೀಸು ಹೊತ್ತಿಗೆ ಅಲ್ಲಿಂದ ಒಮ್ಮೆ ಹೊರಟು ನೋಡುವವರು ಯಾರೂ ಇಲ್ಲ.

ಇದರ ಮೇಲೆ ಸ್ಟುಟ್ಸರ್ ಮತ್ತು ಫ್ರೈ ಅಂತ ಇಬ್ಬರು ಅರ್ಥಶಾಸ್ತ್ರಜ್ಞರು ಜರ್ಮನಿಯ ಅಂಕಿಅಂಶ ಹಿಡ್ಕೊಂಡು 2008ರಲ್ಲಿ ಬರೆದದ್ದುಂಟು. ದೂರ ಓಡಾಡುವವನಿಗೆ ಅದಕ್ಕೆ ತಕ್ಕ ಹಾಗೆ ದೊಡ್ಡ ಮನೆಯೋ ಹೆಚ್ಚು ಸಂಬಳವೋ ಸಿಕ್ಕಿ ಲೆಕ್ಕ ಸರಿ ಹೋಗ್ಬೇಕಿತ್ತು, ಆದ್ರೆ ಹೋಗುದಿಲ್ಲ, ದೂರ ಹೋದ ಹಾಗೆ ಜೀವನದ ತೃಪ್ತಿ ಕಮ್ಮಿಯೇ ಆಗ್ತಾ ಹೋಗ್ತದೆ ಅಂತ. ಜಾಸ್ತಿ ಒಂದು ರೂಮು ಸಿಕ್ಕಿದ್ದು ತಿಂಗಳೊಳಗೆ ಅಭ್ಯಾಸ ಆಗ್ತದೆ, ಸಿಗ್ನಲಿನಲ್ಲಿ ಕಾಯುವುದು ಯಾವತ್ತಿಗೂ ಅಭ್ಯಾಸ ಆಗುದಿಲ್ಲ ನೋಡಿ. ಈ ಕೊನೆ ವಾಕ್ಯ ನಂದು, ಅವರದ್ದಲ್ಲ.

ಸುಮ್ನೆಓದೋಳು:
ಸಿಟಿ ಒಳಗೆ ಮನೆ ತಗೊಳೋಷ್ಟು ದುಡ್ಡಿದ್ದಿದ್ರೆ ಇಲ್ಲಿಗೆ ಯಾಕೆ ಬರ್ತಿದ್ವಿ ಸರ್. ಸೋಮವಾರ ಬಂದು ನೋಡಿದ್ರೂ ಇದೇ ಮನೆ ತಗೋತಿದ್ವಿ, ಬೇರೆ ದಾರಿ ಏನಿತ್ತು.

ಅಲೆಮಾರಾಯ:
ಅದು ಹೌದು. ಆದ್ರೆ ಯಾರ ಆಫೀಸಿಗೆ ಹತ್ತಿರ ನೋಡಿ ತಗೊಂಡಿರಿ ಅಂತ ಒಂದು ಪ್ರಶ್ನೆ ಉಂಟಲ್ಲ. ಇಬ್ಬರು ದುಡಿಯುವ ಮನೆಯಲ್ಲಿ ಎರಡು ಆಫೀಸಿಗೂ ಹತ್ತಿರ ಅಂತ ಜಾಗ ಸಿಗುದಿಲ್ಲ. ಒಬ್ಬರು ಸೋಲ್ಲೇಬೇಕು. ಸೋತವರು ಯಾರು ಅಂತ ಕೇಳಿದ್ರೆ ಅರ್ಧ ವಿಷಯ ಗೊತ್ತಾಗ್ತದೆ.

ಮೂರನೇಗೇರ್:
ಎಲ್ಲರೂ ಅಳೋದು ಬಿಟ್ಟು ಸ್ವಲ್ಪ ಕಾಯಿರಿ. ರೋಡ್ ಅಗಲ ಮಾಡ್ತಾರೆ, ವರ್ತುಲ ರಸ್ತೆ ಬರತ್ತೆ, ಎಲ್ಲಾ ಸರಿ ಹೋಗತ್ತೆ. ಎರಡು ಕಾರು ಇದ್ದೋರು ಆಗ ನಗ್ತೀವಿ.

ದಾರಿಹೋಕ:
@ಮೂರನೇಗೇರ್ ಅಗಲ ಮಾಡಿದ್ರೆ ಸರಿ ಹೋಗೋ ಹಾಗಿದ್ರೆ ಅಮೆರಿಕದ ಹ್ಯೂಸ್ಟನ್ ಊರಿನವರು ಎಲ್ಲರಿಗಿಂತ ಮೊದ್ಲು ನಗ್ಬೇಕಿತ್ತು. ಅಲ್ಲಿ ಕೇಟಿ ಫ್ರೀವೇ ಅಂತ ಹೆದ್ದಾರಿ ಇದೆ, 2008ರಲ್ಲಿ ಅಗಲ ಮಾಡೋ ಕೆಲಸ ಮುಗೀತು, ಪಕ್ಕದ ಸರ್ವಿಸ್ ರಸ್ತೆ ಸೇರಿ ಕೆಲವು ಕಡೆ 26 ಲೇನ್. ಕೆಲವೇ ವರ್ಷದಲ್ಲಿ ಪೀಕ್ ಹೊತ್ತಲ್ಲಿ ಹಿಡಿಯೋ ಟೈಮು ಮತ್ತೆ ಏರಕ್ಕೆ ಶುರುವಾಯ್ತು. ಡುರಾಂಟನ್, ಟರ್ನರ್ ಅನ್ನೋ ಅರ್ಥಶಾಸ್ತ್ರಜ್ಞರು 2011ರಲ್ಲಿ ಅಮೆರಿಕದ ನಗರಗಳ ಲೆಕ್ಕ ತೆಗೆದು ತೋರ್ಸಿದ್ದೂ ಅದೇ. ಹೆದ್ದಾರಿ ಎಷ್ಟು ಪಾಲು ಹೆಚ್ಚಾಗತ್ತೋ ಗಾಡಿ ಓಡೋ ದೂರಾನೂ ಹೆಚ್ಚುಕಮ್ಮಿ ಅಷ್ಟೇ ಪಾಲು ಹೆಚ್ಚಾಗತ್ತೆ.

ಯಾಕೆ ಅಂದ್ರೆ ಹೊಸ ರಸ್ತೆ ನೋಡಿ ಇನ್ನೂ ಆಚೆ ಹೊಸ ಬಡಾವಣೆ ಮಾಡ್ತಾರೆ, ಬಸ್ಸಲ್ಲಿ ಹೋಗ್ತಿದ್ದವನು ಕಾರು ತೆಗೀತಾನೆ, ಬೇಗ ಹೋಗ್ತಿದ್ದವನು ಪೀಕ್ ಹೊತ್ತಿಗೇ ಹೊರಡ್ತಾನೆ. ನೀವು ಎರಡನೇ ಕಾರು ತಗೊಳೋ ಯೋಚನೇಲಿ ಇರೋ ಹಾಗೇ ಪಕ್ಕದ ಮನೆಯವರೂ ಇದಾರೆ.

ಮೂರನೇಗೇರ್:
ಹಾಗಾದ್ರೆ ರೋಡೇ ಮಾಡ್ಬಾರ್ದಾ? ಗುಂಡೀಲಿ ಓಡಾಡೋಣ್ವಾ? ಅಮೆರಿಕದ ಹೈವೇ ಕಥೆ ಇಲ್ಲಿಗೆ ಯಾಕೆ ತರ್ತೀರಾ. ನಮ್ಮ ಬಡಾವಣೆಗೆ ಇರೋದೇ ಒಂದು ರಸ್ತೆ, ಅದರಲ್ಲಿ ಎದುರು ಟಿಪ್ಪರ್ ಬಂದ್ರೆ ರಿವರ್ಸ್ ಹೋಗ್ಬೇಕು.

ದಾರಿಹೋಕ:
ಒಳಗಿನ ರಸ್ತೆ ಮಾಡ್ಲೇಬೇಕು, ಅದ್ರಲ್ಲಿ ಎರಡು ಮಾತಿಲ್ಲ. ಅದು ಬೇರೆ, ಹೆದ್ದಾರಿಗೆ ಲೇನ್ ಸೇರ್ಸೋದು ಬೇರೆ. ಬಡಾವಣೆಯಿಂದ ಬಡಾವಣೆಗೆ ನಡ್ಕೊಂಡು ದಾಟೋ ದಾರಿ ಇದ್ರೂ ಸಾಕು ಎಷ್ಟೋ ಗಾಡಿ ಓಡಾಟ ಕಮ್ಮಿ ಆಗತ್ತೆ. ಈಗಿನ ಬಡಾವಣೆಗಳಲ್ಲಿ ಎಲ್ಲಾ ಕಡೆ ಕಾಂಪೌಂಡು, ಒಂದೇ ಗೇಟು. ಗೋಡೆ ಆಚೆ ಕಾಣೋ ಅಂಗಡಿಗೆ ಸುತ್ತಾಕ್ಕೊಂಡು ಸ್ಕೂಟರಲ್ಲಿ ಹೋಗ್ಬೇಕು.

ಸುಮ್ನೆಓದೋಳು:
ಹೌದು!! ನಮ್ಮ ಮನೆ ಟೆರೇಸಿಂದ ಬಸ್ ಸ್ಟಾಪ್ ಕಾಣತ್ತೆ, ಆದ್ರೆ ನಡ್ಕೊಂಡು ಹೋಗ್ಬೇಕಂದ್ರೆ ಪೂರ್ತಿ ಲೇಔಟ್ ಸುತ್ತಿ ಬರ್ಬೇಕು. ಗೋಡೇಲಿ ಒಂದು ಸಣ್ಣ ಗೇಟ್ ಇಡಿ ಅಂತ ಅಸೋಸಿಯೇಷನ್ನಲ್ಲಿ ಕೇಳಿದ್ರೆ ಸೆಕ್ಯೂರಿಟಿ ಪ್ರಾಬ್ಲಮ್ಮು ಅಂತಾರೆ.

ಕೊನೇಸ್ಟಾಪ್:
ಬಸ್ ವಿಷಯಕ್ಕೆ ಬಂದ್ರೆ, ಬಸ್ ಇದೆಯಾ ಇಲ್ವಾ ಅನ್ನೋದಲ್ಲ, ಎಷ್ಟು ಹೊತ್ತಿಗೊಂದು ಅನ್ನೋದೇ ಮುಖ್ಯ. ಹತ್ತು ನಿಮಿಷಕ್ಕೊಂದು ಇದ್ರೆ ಟೈಮ್ ನೋಡ್ದೆ ಹೋಗಿ ನಿಲ್ತೀವಿ, ಸರಾಸರಿ ಐದು ನಿಮಿಷ ಕಾದ್ರೆ ಬರತ್ತೆ. ಗಂಟೆಗೊಂದು ಆದ್ರೆ ಇಡೀ ದಿನಾನ ಆ ಬಸ್ಸಿಗೆ ಹೊಂದಿಸ್ಕೊಬೇಕು, ಮಧ್ಯೆ ಬದಲಾಯಿಸೋದಿದ್ರೆ ಕಥೆ ಮುಗೀತು. ಮನೇಲಿ ಒಬ್ಬರಾದ್ರೂ ಗಾಡಿ ಬಿಟ್ಟು ಬಸ್ಸಲ್ಲಿ ಹೋಗ್ಬೋದು ಅನ್ನೋ ಹಂಗಾದ್ರೆ ಈ ಎರಡನೇ ಕಾರಿನ ಪ್ರಶ್ನೇನೇ ಏಳಲ್ಲ.

ಕಾಲೇಜ್‌ಕುಮಾರ:
ಯಾರೂ ನಮ್ಮ ಕಥೆ ಹೇಳಲ್ಲ. ಮನೇಲಿ ಗಾಡಿ ಹಂಚೋವಾಗ ನನ್ನ ಹೆಸರೇ ಬರಲ್ಲ. ಅಪ್ಪ ಹೊರಟಾಗ ನಾನೂ ಹೊರಡ್ಬೇಕು, ಕಾಲೇಜು ಶುರುವಾಗೋಕೆ ಇನ್ನೂ ಬೇಜಾನ್ ಟೈಮ್ ಇರತ್ತೆ, ಗೇಟ್ ಹತ್ರ ವಾಚ್‌ಮ್ಯಾನ್ ಅಂಕಲ್ ಜೊತೆ ಕೂತಿರ್ತೀನಿ. ಸಂಜೆ ಪ್ರಾಕ್ಟೀಸ್ ಮುಗಿಸಿ ಬರಕ್ಕೆ ಬಸ್ ಇಲ್ಲ ಅಂತ ಟೀಮ್ ಬಿಟ್ಟೆ. ಬೈಕ್ ಕೇಳಿದ್ರೆ "ಮಾರ್ಕ್ಸ್ ತಗೊಂಡು ಬಾ ಮೊದ್ಲು".

ಪುಟ್ಟಿಅಮ್ಮ:
@ಕಾಲೇಜ್‌ಕುಮಾರ ಸೈಕಲ್ ಆಗಲ್ವಾ ಪುಟ್ಟಾ?

ಕಾಲೇಜ್‌ಕುಮಾರ:
ಆಂಟಿ, ನಡುವೆ ಹೈವೇ ದಾಟ್ಬೇಕು. ಅಮ್ಮ ಮನೆಯಿಂದ ಆಚೆಗೇ ಬಿಡಲ್ಲ.

ದಾರಿಹೋಕ:
ಅಮ್ಮನ ಭಯ ಸುಳ್ಳಲ್ಲ. ಇಂಗ್ಲೆಂಡಲ್ಲಿ ಮೇಯರ್ ಹಿಲ್‌ಮನ್ ಅನ್ನೋ ಹೆಸರಿನ ಸಂಶೋಧಕರು ಮತ್ತೆ ಜೊತೆಗಾರರು ಲೆಕ್ಕ ಹಾಕಿದ್ರು, 1971ರಲ್ಲಿ ಏಳೆಂಟು ವರ್ಷದ ಮಕ್ಕಳಲ್ಲಿ ನೂರಕ್ಕೆ 80 ಜನ ದೊಡ್ಡವರ ಜೊತೆ ಇಲ್ದೆ ಸ್ಕೂಲಿಗೆ ಹೋಗ್ತಿದ್ರು, 1990ಕ್ಕೆ ಅದು 9ಕ್ಕೆ ಇಳೀತು. ಮಕ್ಕಳು ರಸ್ತೇಲಿ ಸಾಯೋದು ಕಮ್ಮಿ ಆಯ್ತು ಅಂತ ಸರ್ಕಾರ ಹೇಳ್ಕೊಂಡ್ರೆ, ಇವರು ಹೇಳಿದ್ದು ರಸ್ತೆ ಸುರಕ್ಷಿತ ಆಗಿದ್ದಕ್ಕಲ್ಲ, ಮಕ್ಕಳನ್ನ ರಸ್ತೆಯಿಂದಲೇ ಎತ್ತಿಟ್ಟಿದ್ದಕ್ಕೆ ಅಂತ. ಆಮೇಲೆ ಆ ಮಕ್ಕಳನ್ನೆಲ್ಲ ಬಿಡಕ್ಕೆ ಒಬ್ಬೊಬ್ಬ ದೊಡ್ಡವರು ಗಾಡಿ ತಗೊಂಡು ಹೊರಟ್ರು, ಸ್ಕೂಲ್ ಮುಂದೆ ಗಾಡಿ ಜಾಸ್ತಿ ಆಯ್ತು, ಅದನ್ನ ನೋಡಿ ನಡ್ಕೊಂಡು ಬರೋ ಉಳಿದ ಮಕ್ಕಳನ್ನೂ ಅಪ್ಪ ಅಮ್ಮ ಗಾಡೀಲೇ ಕರ್ಕೊಂಡು ಬರಕ್ಕೆ ಶುರು ಮಾಡಿದ್ರು.

ಪುಟ್ಟಿಅಮ್ಮ:
ನಮ್ಮ ಅಪಾರ್ಟ್‌ಮೆಂಟಲ್ಲಿ ಒಂದು ವ್ಯವಸ್ಥೆ ಇದೆ, ಹೇಳ್ತೀನಿ. ಹತ್ತಿರದ ಸ್ಕೂಲಿಗೆ ಹೋಗೋ ಮಕ್ಕಳೆಲ್ಲ ಬೆಳಿಗ್ಗೆ ಗೇಟ್ ಹತ್ರ ಸೇರ್ತಾರೆ, ಒಬ್ಬರು ಮುಂದೆ ಒಬ್ಬರು ಹಿಂದೆ ದೊಡ್ಡವರು, ಎಲ್ರೂ ಸಾಲಾಗಿ ನಡ್ಕೊಂಡು ಹೋಗ್ತಾರೆ. ಈ ಪದ್ಧತಿಗೆ ವಾಕಿಂಗ್ ಸ್ಕೂಲ್ ಬಸ್ ಅಂತಾರೆ, ಆಸ್ಟ್ರೇಲಿಯಾದ ಡೇವಿಡ್ ಎಂಗ್ವಿಕ್ಟ್ ಅನ್ನೋರು 90ರ ದಶಕದಲ್ಲಿ ಇದನ್ನ ಬಳಕೆಗೆ ತಂದ್ರು. ದೊಡ್ಡವರ ಪಾಳಿ ವಾಟ್ಸಾಪ್ ಗ್ರೂಪಲ್ಲಿ ಹಾಕ್ತೀವಿ. ಮಳೆ ಬಂದ ದಿನ ಮಾತ್ರ ಗಲಾಟೆ, ಒಬ್ಬರು "ಇವತ್ತು ಬೇಡ" ಅಂದ್ರೆ ಸಾಕು ಎಲ್ರೂ ಕಾರು ತೆಗೀತಾರೆ. ಮತ್ತೆ, ಬರೋ ಅಪ್ಪಂದಿರು ಭಾಳ ಕಮ್ಮಿ, ಅದೂ ಹೇಳ್ಬಿಡ್ತೀನಿ.

ಹೊಸಬಡಾವಣೆ:
ನಮ್ಮ ಸ್ಕೂಲು ನಡೆಯೋಷ್ಟು ಹತ್ರ ಇಲ್ಲ ಅಕ್ಕಾ. ಆದ್ರೆ ಪಾಳಿ ಮೇಲೆ ಸ್ಕೂಟರಲ್ಲೋ ಕಾರಲ್ಲೋ ಬಿಡೋ ಥರ ನಮ್ಮ ಬೀದಿಯವರನ್ನ ಕೇಳ್ಬೋದು. ಅದೇ ಸ್ಕೂಲಿಗೆ ಹೋಗೋ ಇನ್ನೊಂದು ಮಗು ಎದುರುಗಡೆ ಮನೇಲೇ ಇದೆ, ಎರಡೂ ಮನೆಯಿಂದ ಒಂದೇ ಟೈಮಿಗೆ ಎರಡು ಗಾಡಿ ಹೊರಡ್ತಿದೆ ದಿನಾ.

ಟೈರ್‌ಪಂಕ್ಚರ್:
ಎದುರು ಮನೆಯವರನ್ನ ಇಷ್ಟು ದಿನ ಕೇಳ್ಲಿಲ್ವಾ?!

ಹೊಸಬಡಾವಣೆ:
ಕಾರ್ ನಿಲ್ಸೋ ವಿಷಯಕ್ಕೆ ಮಾತು ಬಿಟ್ಟಿದೀವಿ ಸರ್ 🙈

ಕೊನೇಸ್ಟಾಪ್:
ಹಹಹ. ಇದನ್ನೇ ನಾನು ಮೊದಲೇ ಹೇಳಿದ್ದು.

ನಿವೃತ್ತಜೀವಿ:
ಎಲ್ಲರ ಮಾತು ಓದಿದೆ. ನನಗೆ ಎಪ್ಪತ್ತು ದಾಟಿದೆ, ಮಗ ಸೊಸೆ ಜೊತೆ ಇಂಥದ್ದೇ ಬಡಾವಣೆಯಲ್ಲಿ ಇದ್ದೇನೆ. ಒಂದು ಮಾತು ಹೇಳುತ್ತೇನೆ, ಯಾರನ್ನೂ ದೂರುವುದಕ್ಕಲ್ಲ. ಮನೆಯಲ್ಲಿ ಗಾಡಿ ಯಾರಿಗೆ ಅಂತ ಮಾತಾಡುವಾಗ ವಯಸ್ಸಾದವರು ಸ್ಪರ್ಧೆಗೇ ಬರುವುದಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು ಅಂತ ಇರುತ್ತೆ. ಬೆಳಿಗ್ಗೆ ಮಗ ಶೂ ಹಾಕಿಕೊಳ್ಳುತ್ತಾ ಫೋನಲ್ಲಿ ಮಾತಾಡುತ್ತಿರುತ್ತಾನೆ, ಸೊಸೆ ಮಗುವಿನ ಬ್ಯಾಗು ಹುಡುಕುತ್ತಿರುತ್ತಾಳೆ, ಅದನ್ನು ನೋಡಿ ನಾವೇ "ಇವತ್ತು ಬೇಡ ಬಿಡಪ್ಪ, ಮುಂದಿನ ವಾರ ಹೋದರಾಯಿತು" ಅಂದುಬಿಡುತ್ತೇವೆ. ಅವರೂ "ಸರಿ ಅಪ್ಪಾ" ಅನ್ನುತ್ತಾರೆ. ಮುಂದಿನ ವಾರವೂ ಅದೇ.

ಲೆಕ್ಕ ಹಾಕುವವರು ಹೋದ ಓಡಾಟವನ್ನು ಲೆಕ್ಕ ಹಾಕುತ್ತಾರೆ. ಹೋಗದೆ ಬಿಟ್ಟಿದ್ದನ್ನು ಯಾರು ಬರೆದಿಡುತ್ತಾರೆ? ಗೆಳೆಯನೊಬ್ಬ ಸಿಟಿಯ ಆ ತುದಿಯಲ್ಲಿದ್ದಾನೆ, ಫೋನಿನಲ್ಲೇ ಸ್ನೇಹ ನಡೆದಿದೆ. ನಾನು ಕಾರು ಓಡಿಸುವುದನ್ನು ಬಿಟ್ಟಿದ್ದೇನೆ, ರಾತ್ರಿ ಎದುರಿನ ದೀಪ ಕಣ್ಣಿಗೆ ಹೊಡೆಯುತ್ತದೆ. ಲೈಬ್ರರಿ ಇರುವ ಕಡೆಗೆ ನೇರ ಬಸ್ಸಿದ್ದರೆ ನಾನು ಯಾರನ್ನೂ ಕೇಳುತ್ತಿರಲಿಲ್ಲ.

ಹೊಸಬಡಾವಣೆಯವರು ಅತ್ತೆಯನ್ನು ವಾರ ವಾರ ಕರೆದುಕೊಂಡು ಹೋಗುವ ಬಗ್ಗೆ ಯೋಚಿಸುತ್ತಿದ್ದಾರಲ್ಲ, ಅದು ಸಂತೋಷ. ಅವರನ್ನೂ ಕೂರಿಸಿಕೊಂಡು ಕೇಳಮ್ಮ, ಯಾವ ಹೊತ್ತು ಅವರಿಗೆ ಅನುಕೂಲ ಅಂತ. ನಡು ಮಧ್ಯಾಹ್ನ ಅಂದರೆ ಅವರಿಗೂ ಸರಿ, ರಸ್ತೆಯೂ ಖಾಲಿ ಇರಬಹುದು.

ಹೊಸಬಡಾವಣೆ:
ಸರ್, ಇದನ್ನ ಓದಿ ಅತ್ತೇನ ಕೇಳ್ದೆ. ಸೆಷನ್ ಬೆಳಿಗ್ಗೆ ಇಟ್ಕೊಂಡಿದ್ದು ನನಗೆ ಆಫೀಸಿಗೆ ಲೇಟಾಗ್ಬಾರ್ದು ಅಂತ ಅವರೇ ಹೇಳಿದ್ರಂತೆ, ಮಂಡಿ ಬೆಳಿಗ್ಗೆ ಹೊತ್ತು ಜಾಸ್ತಿ ಹಿಡ್ಕೊಂಡಿರತ್ತೆ, ಮಧ್ಯಾಹ್ನ ಆದ್ರೇ ಅವರಿಗೆ ಆರಾಮಂತೆ.

ಬಯಲುಗಾಳಿ:
ನೋಡ್ರಿ ಇಲ್ಲಿ, ಕೇಳಿದ್ರ ಗೊತ್ತಾಗ್ತದ.

ಲೆಕ್ಕದಮಾಸ್ತರ್:
ಟೈಮ್ ಬದಲಾಯಿಸೋದು ಸಣ್ಣ ವಿಷಯ ಅಲ್ಲ. ವಿಲಿಯಂ ವಿಕ್ರಿ ಅನ್ನೋ ಅರ್ಥಶಾಸ್ತ್ರಜ್ಞ 1969ರಲ್ಲಿ ತೋರ್ಸಿದ್ದು ಇದನ್ನೇ. ಕಿರಿದಾದ ಸೇತುವೆ ಒಂದೇ ಇದ್ರೆ, ಎಲ್ಲರಿಗೂ ಒಂದೇ ಹೊತ್ತಿಗೆ ಆಚೆ ಸೇರ್ಬೇಕಿದ್ರೆ, ಕೆಲವರು ಬೇಗ ಹೋಗಿ ಆಫೀಸಲ್ಲಿ ಕಾಯ್ತಾರೆ, ಕೆಲವರು ಕ್ಯೂನಲ್ಲಿ ಕಾಯ್ತಾರೆ, ಒಟ್ನಲ್ಲಿ ಕಾಯೋದು ತಪ್ಪಲ್ಲ. ಪೀಕ್ ಹೊತ್ತಿಗೆ ಶುಲ್ಕ ಹಾಕಿ ಅಂದ್ರು, ಆಗ ಜನ ಬೇರೆ ಬೇರೆ ಹೊತ್ತಿಗೆ ಹಂಚ್ಕೊಂಡು ಹೊರಡ್ತಾರೆ ಅಂತ. 1996ರಲ್ಲಿ ಅವರಿಗೆ ನೊಬೆಲ್ ಬಂತು ಅಂತ ಘೋಷಣೆ ಆದ ಮೂರೇ ದಿನಕ್ಕೆ ಪಾಪ ತೀರ್ಕೊಂಡ್ರು. ಸ್ಟಾಕ್‌ಹೋಮಲ್ಲಿ 2006ರಲ್ಲಿ ಇಂಥ ಶುಲ್ಕ ಟ್ರಯಲ್ ಮಾಡಿದಾಗ ಒಳ ನಗರದ ಗಡಿ ದಾಟೋ ಗಾಡಿ ಶೇಕಡಾ 20ರಷ್ಟು ಇಳೀತು.

ಪುಟ್ಟಿಅಮ್ಮ:
ಬೇರೆ ಹೊತ್ತಿಗೆ ಹೊರಡೋಕೆ ಸ್ಕೂಲ್ ಬೆಲ್ ಬಿಡಬೇಕಲ್ಲ ಸರ್. ಟೈಮ್ ಬದಲಾಯಿಸಕ್ಕಾಗೋ ಪುಣ್ಯವಂತರು ಬದಲಾಯಿಸ್ಕೋತಾರೆ, ಮಗೂನ ಬಿಡೋರು, ಶಿಫ್ಟಲ್ಲಿರೋರು ಶುಲ್ಕ ಕಟ್ತಾರೆ. ಅಲ್ಲಿ ಬಸ್ಸು ಟ್ರೇನು ಚೆನ್ನಾಗಿತ್ತು, ಗಾಡಿ ಬಿಟ್ಟೋರು ಅದನ್ನ ಹತ್ತಿದ್ರು. ಇಲ್ಲದ ಕಡೆ ಶುಲ್ಕ ಹಾಕಿದ್ರೆ ಊರಾಚೆ ಮನೆ ಮಾಡಿದ್ದಕ್ಕೆ ದಂಡ ಕಟ್ಟಿದ ಹಾಗೆ.

ಲೆಕ್ಕದಮಾಸ್ತರ್:
ಶುಲ್ಕದ ದುಡ್ಡನ್ನ ಬಸ್ಸಿಗೇ ಹಾಕ್ಬೇಕು ಅಂತ ಅದಕ್ಕೇ ಹೇಳೋದು.

ಮೂರನೇಗೇರ್:
ಇವರು ಬಸ್ಸಿಗೆ ಹಾಕೋದು, ನಾವು ನೋಡೋದು 😀 ಇರ್ಲಿ. ಮೇಡಂ ಒಂದು ಪ್ರಶ್ನೆ, ನಿಮಗೆ ಕಾರ್ ಓಡ್ಸಕ್ಕೆ ಬರತ್ತಾ?

ಹೊಸಬಡಾವಣೆ:
ಮದುವೆಗೆ ಮುಂಚಿಂದ ಓಡಿಸ್ತಿದೀನಿ ಸರ್. ನಮ್ಮನೆಯವ್ರಿಗೆ ರಿವರ್ಸ್ ಪಾರ್ಕಿಂಗ್ ಹೇಳ್ಕೊಟ್ಟಿದ್ದೇ ನಾನು.

ಸುಮ್ನೆಓದೋಳು:
👏👏👏

ಹೊಸಬಡಾವಣೆ:
ಎಲ್ರೂ ಕೇಳ್ತಿದೀರಲ್ಲ, ಏನಾಯ್ತು ಅಂತ ಬರೀತೀನಿ. ಭಾನುವಾರ ಮೂರೂ ಜನ ಕೂತ್ವಿ, ಅತ್ತೆ ಸೇರಿ. ದಿನಾ ಯಾರು ಎಲ್ಲಿಗೆ ಹೋಗ್ತಾರೆ ಅಂತ ಒಂದು ಹಾಳೇಲಿ ಬರೆದ್ವಿ, ಬರೀ ಆಫೀಸ್ ಅಲ್ಲ, ಔಷಧಿ ಅಂಗಡಿ, ಕ್ಲಾಸು, ಬ್ಯಾಂಕು ಎಲ್ಲಾ. ಇವರ ಕಾಲಮ್ಮಲ್ಲಿ ಎರಡು ಸಾಲು, ನನ್ನ ಕಾಲಮ್ಮು ಹಾಳೆ ಹಿಂದಕ್ಕೆ ಹೋಯ್ತು. ಇವರು ಏನೂ ಮಾತಾಡ್ಲಿಲ್ಲ, ಹಾಳೆ ತಿರುಗ್ಸಿ ತಿರುಗ್ಸಿ ನೋಡಿದ್ರು. ಆಮೇಲೆ "ಔಷಧಿ ಅಂಗಡಿ ನನ್ನ ದಾರೀಲೇ ಇದ್ಯಲ್ಲ" ಅಂದ್ರು. ಇಷ್ಟು ವರ್ಷ ಅದೇ ದಾರೀಲಿತ್ತು!

ಸದ್ಯಕ್ಕೆ ಹೀಗೆ ಅಂದ್ಕೊಂಡಿದೀವಿ: ಫಿಸಿಯೋ ದಿನ ಕಾರು ಮನೇಲಿ, ಇವರು ಆಫೀಸಿನ ಒಬ್ಬರ ಜೊತೆ ಕಾರ್‌ಪೂಲಲ್ಲಿ ಹೋಗೋದು. ಮಧ್ಯಾಹ್ನದ ಸೆಷನ್, ನಾನು ಆವತ್ತು ಅರ್ಧ ದಿನ ಮನೆಯಿಂದ ಕೆಲಸ. ಔಷಧಿ, ದಿನಸಿ ಅವರದ್ದು. ಎದುರು ಮನೆ ಅವರನ್ನ ಅತ್ತೆ ಮಾತಾಡಿಸ್ತಾರಂತೆ, ಅವರಿಬ್ಬರು ಅತ್ತೆಯಂದಿರು ಯಾವತ್ತೂ ಮಾತು ಬಿಟ್ಟಿಲ್ಲ, ನಮಗೇ ಗೊತ್ತಿರ್ಲಿಲ್ಲ. ಎರಡನೇ ಕಾರು ಬೇಡ ಅಂತ ಇನ್ನೂ ಪೂರ್ತಿ ಒಪ್ಪಿಲ್ಲ, ಶೋರೂಮಿಂದ ಫೋನ್ ಬರ್ತಾನೇ ಇದೆ.

ಈಗ ಹೊಸ ತಲೆನೋವು. ಆ ಕಾರ್‌ಪೂಲ್ ಮಾಡೋರು ಹೇಳಿದ ಟೈಮಿಗೆ ಯಾವತ್ತೂ ಬರಲ್ವಂತೆ. ಏನ್ ಮಾಡೋದು?

ಟೈರ್‌ಪಂಕ್ಚರ್:
ಬರೋರ ಮನೆಗೆ ನಿಮ್ಮನೆಯವ್ರೇ ಹೋಗ್ಬೇಕು ಸ್ಕೂಟರಲ್ಲಿ. ಗೇಟ್ ಮುಂದೆ ಹೆಲ್ಮೆಟ್ ಹಿಡ್ಕೊಂಡು ನಿಂತ್ರೆ ಯಾರಾದ್ರೂ 5 ನಿಮಿಷದಲ್ಲಿ ಆಚೆ ಬರ್ತಾರೆ.

ಹೊಸಬಡಾವಣೆ:
ಆವತ್ತು ಸ್ಕೂಟರ್ ನನ್ನ ಹತ್ರ ಇರತ್ತಲ್ಲ ಸರ್, ಮಗಳನ್ನ ಬಿಡಕ್ಕೆ.

ಟೈರ್‌ಪಂಕ್ಚರ್:
ಕಾರು ಮನೇಲೇ ಇರತ್ತಲ್ಲ ಮೇಡಂ ಆವತ್ತು, ಅದರಲ್ಲೇ ಬಿಡಿ.

ಬಯಲುಗಾಳಿ:
ಕಾರ್‌ಪೂಲ್‌ನ್ಯಾಗ ಮೊದಲ ದಿನಾನ ಹೇಳಿ ಬಿಡಬೇಕರಿ, ಇಷ್ಟೊತ್ತು ಕಾಯ್ತೀವಿ, ಆಮ್ಯಾಲ ಬಸ್ ಹಿಡದು ಹೊಕ್ಕೀವಿ ಅಂತ. ನಾಕು ದಿನ ಆದ ಮ್ಯಾಲ ಹೇಳಿದ್ರ ಸಿಟ್ಟಾಗ್ತಾರ. ಮತ್ತ ಇಂಧನದ ರೊಕ್ಕಾನೂ ಅವತ್ತ ಮಾತಾಡಿ ಬಿಡ್ರಿ, "ಅಯ್ಯ ಇರಲಿ ಬಿಡ್ರಿ" ಅಂದವ್ರ ಭಾಳ ನೆನಪು ಇಟ್ಕೋತಾರ.